ಮೂರು ನೀರಿನ ಬಿಳುಪು

ಎಪ್ಪತ್ತೊಂದನೆಯ ಇಸವಿ. ಮೊಹರಮ್ಮಿನ ಅಲಾಯಿ ದೇವರು ಹೊಳೆಗೆ ಹೋಗಿ ವಾರ ಕಳೆದಿತ್ತು. ಮುಂಬಯಿಯಲ್ಲಿ ಬಿಸಿಲು ಆಗಲೇ ಕಾಯಲು ಹತ್ತಿತ್ತು. ಸಂಜೆ ನಾಲ್ಕಕ್ಕೆ ಚಾಳಿನ ನಳಕ್ಕೆ ನೀರು ಬರುವ ಹೊತ್ತಿಗೆ, ವಡಾಲದ ಆ ಒಂದೇ ಖೋಲಿಯ ಮನೆಯಲ್ಲಿ ಇದು ಮೊದಲಾಯಿತು.

ನಜಮುನ್ನೀಸಾ ಎರಡನೆಯ ಕೊಡ ಇಳಿಸುತ್ತಿದ್ದಳು. ಮಿಲ್ಲಿನಿಂದ ಬಂದ ಗಂಡ ಮಕ್ತುಮಸಾಬ ಚಪ್ಪಲಿ ಬಿಡುವುದಕ್ಕೂ ತಡೆಯದೆ ಬಾಗಿಲಲ್ಲೇ ನಿಂತು ಹೇಳಿದ:

"ಚೆಂಬೂರಿಂದ ಮಾತು ಬಂದೈತಿ. ಮಿಲ್ಲಿನೊಳಗ ನಮ್ಮ ಖಾತೆಯೊಳಗ ಇರೋ ಬಂಡೆಪ್ಪ ತಂದಾನ. ಹುಡುಗನ ಹೆಸರು ಕುತುಬುದ್ದೀನ, ರಿಫೈನರಿಯೊಳಗ ಫಿಟ್ಟರ್. ಮನ್ಯಾಗ ತಾಯಿ, ಮಗ ಇಬ್ಬರ. ಏಪ್ರಿಲ್ ಕಡೀಕ ನಮ್ಮ ರಶೀದಾನ ನೋಡಾಕ ಬರ್ತಾರಂತ."

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ರಶೀದಾ ಓಢಣಿಯನ್ನು ಬಾಯಿಗೆ ಅಡ್ಡ ಎಳೆದುಕೊಂಡಳು.

"ಅಕ್ಕಿ ಆರಸಾಕೂ ಬಾಯಿ ಮುಚ್ಚಿಕೋಬೇಕೇನ?" ಎಂದಳು ಮಕ್ತುಮಸಾಬನ ತಾಯಿ ಹುಸೇನಬಿ. "ಈ ಊರಿಗೆ ಬಂದಾಗಿಂದ ನಿನ್ನ ಮಾರಿ ಅರ್ಧಾನ ಕಾಣತೈತಿ."

ರಶೀದಾಳಿಗೆ ಇಪ್ಪತ್ತು. ಹುಟ್ಟಿದ್ದು ಇದೇ ಖೋಲಿಯಲ್ಲಿ. ಎರಡು ವರ್ಷದವಳಿದ್ದಾಗ ತಾಯಿ ಮತ್ತೆ ಬಸುರಿಯಾದಳು. ಮಗುವನ್ನು ಮುಂಡರಗಿ ಕಡೆಯ ಹಳ್ಳಿಗೆ, ಇದೇ ಅಜ್ಜಿಯ ಹತ್ತಿರ ಕಳಿಸಿದರು. ಆಮೇಲೆ ಹುಟ್ಟಿದ ಯಾಕೂಬ ಇಲ್ಲಿಯೇ ಬೆಳೆದು ಕಾಲೇಜು ಸೇರಿದ. ಹುಡುಗಿ ಅಜ್ಜಿಯ ಜೊತೆ ಮುಂಬಯಿಗೆ ಬಂದದ್ದು ಹೋದ ರಂಜಾನ್ ಮುಗಿದ ಮೇಲೆ, ಮದುವೆಯ ವಯಸ್ಸಾಯಿತೆಂದು. ಅವಳಿಗೆ ದಖನಿಗಿಂತ ಊರ ಕನ್ನಡವೇ ಬಾಯಿಗೆ ಹಗುರ. ಅವಳು ಬಂದ ಮೇಲೆ ಇಡೀ ಮನೆಯ ಮಾತೇ ಕನ್ನಡಕ್ಕೆ ತಿರುಗಿತು.

ಅವಳ ಜೊತೆ ಬಂದದ್ದು ಇನ್ನೊಂದು: ಅವಳ ಹಲ್ಲು. ಮುಂದಿನ ಆರು ಹಲ್ಲುಗಳ ಮೇಲೂ ಚಹಾ ಚೆಲ್ಲಿ ಒಣಗಿದಂಥ ಕಂದು ಪಟ್ಟೆ. ಊರಲ್ಲಿ ಯಾರೂ ಕೇಳಿದವರಿಲ್ಲ, ಅಲ್ಲಿ ಎಲ್ಲರ ಹಲ್ಲೂ ಹಾಗೆಯೇ. ಇಲ್ಲಿ ನಳದ ಹತ್ತಿರ ಮರಾಠಿ ಹೆಂಗಸರು ಮೊದಲ ದಿನವೇ ಕೇಳಿದ್ದರು: "ತಂಬಾಕೂ ಖಾತೇಸ್ ಕಾಯ್ ಗ?" ತಂಬಾಕು ತಿನ್ನುತ್ತೀಯೇನೇ ಎಂದು. ಆವತ್ತಿನಿಂದ ಓಢಣಿ ಬಾಯಿ ಬಿಟ್ಟು ಇಳಿದಿರಲಿಲ್ಲ.

"ಹಲ್ಲು ನೋಡಿ ಬ್ಯಾಡ ಅಂದ್ರ?" ಎಂದಳು ನಜಮುನ್ನೀಸಾ.

"ನಮ್ಮ ಕಾಲದಾಗ ಮದಿವ್ಯಾಗೋ ಹುಡುಗಿಗೆ ಮಿಸ್ಸಿ ಹಚ್ಚಿ ಹಲ್ಲು ಕರ್ರಗ ಮಾಡ್ತಿದ್ರು," ಎಂದು ಹುಸೇನಬಿ ತನ್ನ ಕಪ್ಪು ಹಲ್ಲುಗಳನ್ನು ಪೂರಾ ತೋರಿಸಿದಳು. "ಬಿಳೀ ಹಲ್ಲು ನಾಯಿಗೆ ಇರ್ತಾವ ಅಂತಿದ್ರು."

"ದಾದಿ, ಅದು ಜಹಾಂಗೀರ್ ಕೇ ಜಮಾನೇ ಕಾ," ಎಂದು ಅಜ್ಜಿಯ ಮಾತಿಗೆ ಯಾಕೂಬ ನಕ್ಕ. ನಕ್ಕಾಗ ಅವನ ಹಲ್ಲು ತೊಳೆದ ಅಕ್ಕಿಯಂತೆ ಕಂಡವು. ದಾದರ್ ಸ್ಟೇಷನ್ನಿನ ಹೊರಗೆ ಹಲ್ಲಿನ ಡಾಕ್ಟರರೊಬ್ಬರ ಕನ್ನಡದ ಬೋರ್ಡು ನೋಡಿದ್ದೇನೆ ಎಂದು ಹೇಳಿದವನೂ ಅವನೇ.

ಗುರುವಾರ ತಾಯಿ ಮಗಳು ಬಸ್ಸು ಹಿಡಿದು ಹೋದರು. ಡಾಕ್ಟರ್ ಕೇಶವಮೂರ್ತಿ ಮೈಸೂರು ಕಡೆಯವರು, ಮೆತ್ತನೆಯ ಮಾತಿನ ಮನುಷ್ಯ. ಸಣ್ಣ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಯಾವ ಊರಿನ ನೀರು ಕುಡಿದು ಬೆಳೆದಿದ್ದಮ್ಮ?"

"ನಮ್ಮೂರ ಬಾವಿದ್ರಿ."

"ನೋಡಿ ತಾಯಿ," ಎಂದು ಅವರು ನಜಮುನ್ನೀಸಾಳತ್ತ ತಿರುಗಿದರು. "ಇದು ಹಲ್ಲಿನ ಮೇಲೆ ಕೂತ ಕೊಳೆ ಅಲ್ಲ. ಹಲ್ಲು ವಸಡಿನೊಳಗೆ ಬೆಳೀತಿದ್ದಾಗಲೇ ನೀರಿನಿಂದ ಸೇರಿಕೊಂಡಿದ್ದು. ಏಳೆಂಟು ವರ್ಷದ ತನಕ ಯಾವ ನೀರು ಕುಡೀತಾರೋ ಅದರ ಲೆಕ್ಕ ಇದು. ಉಜ್ಜಿದರೆ ಹೋಗಲ್ಲ."

"ಹಾಂಗಾರ ಹೋಗೂದ ಇಲ್ಲೇನ್ರಿ?"

"ತಿಳಿ ಮಾಡಬಹುದು. ಔಷಧಿ ಇದೆ. ಆದರೆ ಚೂರುಚೂರು, ವಾರಕ್ಕೊಂದು ಸಲ, ಆರೇಳು ವಾರ. ಹಾಲಿನ ಬಿಳುಪು ಬರಲ್ಲ, ಮೊದಲೇ ಹೇಳಿಬಿಡ್ತೀನಿ. ಗೋಧಿಹಿಟ್ಟಿನ ಬಣ್ಣಕ್ಕೆ ಬಂದರೆ ಸಾಕು ಅಂದ್ಕೊಳಿ. ಮನೇಲಿ ಮಾತ್ರ ಇದ್ದಲು, ನಿಂಬೆಹಣ್ಣು, ಸೋಡಾ, ಯಾವುದೂ ಮುಟ್ಟಿಸಬೇಡಿ. ಮೇಲಿನ ಗಟ್ಟಿ ಪದರ ಒಂದು ಸಲ ಹೋದರೆ ಹೋಯ್ತು. ಉಗುರಲ್ಲ ಅದು, ಮತ್ತೆ ಬೆಳೆಯೋಕೆ."

ಕೈ ತೊಳೆಯುತ್ತ ಅವರು ಇನ್ನೊಂದು ಮಾತು ಸೇರಿಸಿದರು. "ಇಲ್ಲೇ ಬೆಳೆದಿದ್ರೆ ಹೀಗಾಗ್ತಿರಲಿಲ್ಲ." ಬೈದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ನಜಮುನ್ನೀಸಾ ನೆಲ ನೋಡಿದಳು. ಕುರ್ಚಿಯಲ್ಲಿದ್ದ ಮಗಳು ತಾಯಿಯನ್ನು ನೋಡಿದಳು.

ಡಾಕ್ಟರು ತುಟಿಗೆ, ವಸಡಿಗೆ ಮುಲಾಮು ಬಳಿದು, ಕೆನ್ನೆಯೊಳಗೆ ಹತ್ತಿ ಇಟ್ಟರು. "ಉರಿ ಅನ್ನಿಸಿದರೆ ಮಾತಾಡೋಕೆ ಹೋಗಬೇಡಮ್ಮ. ಕೈ ಎತ್ತು ಸಾಕು, ನಿಲ್ಲಿಸ್ತೀನಿ." ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಹಲ್ಲಿಗೆ ಔಷಧಿ ಒತ್ತಿದರು. ರಶೀದಾ ಒಮ್ಮೆ ಕೈ ಎತ್ತಿದಳು. ಅವರು ಆ ಗಳಿಗೆಯಲ್ಲೇ ನಿಲ್ಲಿಸಿ ಬಾಯಿ ತೊಳೆಸಿದರು.

ಆ ಸಂಜೆ ರೊಟ್ಟಿ, ಪುಂಡಿಪಲ್ಯ. ಎಲ್ಲರೂ ಸುತ್ತ ಕೂತಿದ್ದರು. ರಶೀದಾ ತಮ್ಮನ ಗದ್ದ ಹಿಡಿದಳು.

"ಬಾಯಿ ತೆರಿ, ಯಾಕೂಬ."

"ಕ್ಯಾ ಹುವಾ ಆಪಾ?"

"ತೆರಿ ಅಂದೆ. ಅಬ್ಬಾ, ನೋಡ್ರಿಲ್ಲೆ. ಇದು ವಡಾಲದ ನಳದ ನೀರು." ಓಢಣಿ ಸರಿಸಿ ತನ್ನ ತುಟಿ ಮೇಲೆತ್ತಿದಳು. "ಇದು ಊರ ಬಾವಿ ನೀರು. ಯಾರನ್ನ ಇಟ್ಟಕೊಂಡ್ರಿ, ಯಾರನ್ನ ಬಿಟ್ಟ್ರಿ ಅಂತ ಹಲ್ಲ ಮ್ಯಾಲ ಬರದೈತಿ."

ಮಕ್ತುಮಸಾಬ ತುತ್ತು ಕೆಳಗಿಟ್ಟ. "ಆಗ ಈ ಖೋಲಿಯೊಳಗ ಊರಿಂದ ಬಂದ ನಾಲ್ಕು ಮಂದಿ ಗಂಡಸರು ಮಲಗತಿದ್ರು. ನಿಮ್ಮಮ್ಮ ಬಸರಿ. ಆರು ತಿಂಗಳಿಗೆ ಅಂತ ಕಳಿಸಿದ್ದು."

"ಆರು ತಿಂಗಳು ಹದಿನೆಂಟು ವರ್ಷ ಆತಲ್ರಿ ಅಬ್ಬಾ."

"ನನ್ನ ಹಂತ್ಯಾಕ ಏನ ಕಡಿಮಿ ಇತ್ತ ನಿನಗ?" ಎಂದು ಹುಸೇನಬಿ ರೇಗಿದಳು.

"ಏನೂ ಇಲ್ಲ ದಾದಿ. ಹಲ್ಲೊಂದು ಬಿಟ್ಟು."

ನಜಮುನ್ನೀಸಾ ಯಾರನ್ನೂ ಕೇಳದೆ ಎಲ್ಲರ ತಾಟಿಗೂ ಇನ್ನೊಂದೊಂದು ರೊಟ್ಟಿ ಹಾಕಿದಳು.

ಮೂರು ಗುರುವಾರ ಹೋದರು. ಮೂರನೆಯ ಸಲಕ್ಕೆ ಕಂದು ಬಣ್ಣ ಬೆಲ್ಲದ ಬಣ್ಣಕ್ಕೆ ಇಳಿದಿತ್ತು. ಬರುವಾಗ ಬಸ್ಸಿನಲ್ಲಿ ಕೋಳಿ ಮುಚ್ಚಿಟ್ಟುಕೊಂಡಿದ್ದ ಒಬ್ಬನ ಚೀಲದಿಂದ ಕೋಳಿ ಕೂಗಿತು, ಕಂಡಕ್ಟರು ಅದಕ್ಕೂ ಟಿಕೆಟ್ಟು ಕೇಳಿದ. ರಶೀದಾ ಗಹಗಹಿಸಿ ನಕ್ಕಳು, ಬಾಯಿಗೆ ಏನೂ ಅಡ್ಡ ಇಲ್ಲದೆ. ಮಗಳು ಹಾಗೆ ನಗುತ್ತಾಳೆಂಬುದು ನಜಮುನ್ನೀಸಾಳಿಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಮಾರನೆಯ ದಿನ, ಶುಕ್ರವಾರ, ಮಕ್ತುಮಸಾಬ ಹೊಸ ಸುದ್ದಿ ತಂದ. ಕುತುಬುದ್ದೀನನ ತಾಯಿ ತಂಗಿಯ ಮನೆಯ ಮದುವೆಗೆ ವಿಜಾಪುರಕ್ಕೆ ಹೋಗುವವಳಿದ್ದಾಳೆ. ಹೋದರೆ ಎರಡು ತಿಂಗಳು. ಅದಕ್ಕೇ ಈ ರವಿವಾರ ಬಂದುಬಿಡುತ್ತಾರೆ.

"ಈ ರವಿವಾರ?" ನಜಮುನ್ನೀಸಾಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ನಿಂತಿತು. "ಇನ್ನ ಮೂರು ವಾರದ ಔಷಧಿ ಬಾಕಿ ಐತ್ರಿ."

"ಮೂರು ವಾರ ಏನು, ಮೂರು ತಾಸು ಸಾಕು." ಮಕ್ತುಮಸಾಬ ಗೋಡೆಗೆ ಒರಗಿ ಕೂತ. "ಇಪ್ಪತ್ತೆರಡು ವರ್ಷ ಆತು ನಾನು ಬ್ಲೀಚಿಂಗ್ ಖಾತೆಯೊಳಗ. ಮಣ್ಣಿನ ಬಣ್ಣದ ಕೋರಾ ಅರಿವಿ ಬರ್ತೈತಿ, ಮ್ಯಾಲ ಹತ್ತಿಕಾಳಿನ ಕರೀ ಚುಕ್ಕಿ. ಮೊದಲನೇ ನೀರು ಮದ್ದಿಂದು. ಎರಡನೇದು ಹುಳಿನೀರು. ಮೂರನೇದು ಬರೀ ನೀರು. ಮೂರು ನೀರು ಕಂಡ ಮ್ಯಾಲ ಬೆಳ್ಳಕ್ಕಿಯಂಗ ಹೊರಗ ಬರ್ತೈತಿ. ನಿಮ್ಮ ಡಾಕ್ಟರ್ ಮೊದಲನೇ ನೀರನ್ನ ಕಡ್ಡೀಲೆ ಒರಸ್ಕೋತ ಕುಂತಾನ. ಹುಳಿನೀರು ಕೊಡದ ಬಿಳುಪು ಹೆಂಗ ಬರಬೇಕು?"

"ಹುಳಿನೀರು ಅಂದ್ರ ಆಸಿಡ್ ಅಲ್ಲೇನ್ ಅಬ್ಬಾ?" ಎಂದ ಯಾಕೂಬ.

"ನೀರು ಬೆರಸಿದ್ದು. ಮಲಮಲ್ ಅರಿವೀನ ತಡಕೋತೈತಿ. ಇದು ಎಲುಬು, ಅರಿವಿಗಿಂತ ಗಟ್ಟಿ."

"ಅಬ್ಬಾ, ಬ್ಯಾಡ," ಎಂದಳು ರಶೀದಾ. "ಡಾಕ್ಟರ್ ಸಾಹೇಬ್ರು ಮನ್ಯಾಗ ಏನೂ ಹಚ್ಚಬ್ಯಾಡ್ರಿ ಅಂದಾರ. ಬರಲಿ ಅವ್ರು. ಇದ್ದದ್ದನ್ನ ನೋಡ್ಲಿ."

"ನೋಡಿ ಹೋದ್ರ? ನಾಳಿ ಇಡೀ ಖಾತೆ ನಗತೈತಿ. ಊರ ಮಂದಿ ಅರಿವಿ ಬಿಳಿ ಮಾಡೋ ಮಕ್ತುಮಗ ಮಗಳ ಹಲ್ಲು ಬಿಳಿ ಮಾಡಾಕ ಆಗಲಿಲ್ಲ ಅಂತ."

"ಖಾತೆ ನಗತೈತಂತ ನನ್ನ ಬಾಯಿ ಕೊಡಬೇಕೇನ್ರಿ?"

"ಏ, ಬಾಯಿ!" ಎಂದು ಅವನು ಕೂಗಿದ. ಆಮೇಲೆ ದನಿ ಇಳಿಸಿ, "ನಿನ್ನ ಒಳ್ಳೇದಕ್ಕ ಬೇಟಿ. ಒಂದು ತಾಗಾ ಅರಿವೀನೂ ಸುಟ್ಟಿಲ್ಲ ನಾನು ಇಲ್ಲೀ ತನಕ," ಎಂದ.

ರಶೀದಾ ತಾಯಿಯನ್ನು ನೋಡಿದಳು. ನಜಮುನ್ನೀಸಾಳಿಗೆ ಡಾಕ್ಟರ ಮಾತು ಅಕ್ಷರಶಃ ನೆನಪಿತ್ತು. ಆದರೆ ಚೆಂಬೂರಿನ ಹುಡುಗ, ಇಲ್ಲೇ ಒಂದು ಬಸ್ಸಿನ ದೂರದಲ್ಲಿ ಮಗಳ ಮನೆ, ಹಬ್ಬಕ್ಕೊಮ್ಮೆ ಹೋಗಿ ಬರಬಹುದು ಎಂಬುದೂ ತಲೆಯಲ್ಲಿತ್ತು. ಒಮ್ಮೆ ದೂರ ಕಳಿಸಿದ್ದು ಸಾಕಾಗಿತ್ತು ಅವಳಿಗೆ.

"ನಿಮ್ಮ ಅಬ್ಬಾಗ ತಿಳೀತೈತಿ," ಎಂದಳು.

ಶನಿವಾರ ಮಕ್ತುಮಸಾಬ ಊಟದ ಡಬ್ಬಿಯೊಳಗೆ ಎರಡು ಔಷಧಿ ಶೀಸೆ ಮುಚ್ಚಿಟ್ಟುಕೊಂಡು ಬಂದ. ಗೇಟಿನಲ್ಲಿ ಪಹರೆಯವನು ಡಬ್ಬಿ ತೆರೆಸಿದ್ದರೆ ಕೆಲಸ ಹೋಗುವಂಥದು. ಮೊದಲು ಹರಕು ಬಟ್ಟೆಯ ಚೂರನ್ನು ಅದ್ದಿ ನೋಡಿದ, ಬೆರಳಿನ ಚರ್ಮಕ್ಕೆ ಮುಟ್ಟಿಸಿಕೊಂಡು ನೋಡಿದ. ಅಜಾಗರೂಕ ಮನುಷ್ಯ ಅಲ್ಲ. ಮಗಳನ್ನು ಬಾಗಿಲ ಬೆಳಕಿಗೆ ಕೂಡಿಸಿ, ತಲೆಯನ್ನು ತಾಯಿಯ ತೊಡೆಯ ಮೇಲೆ ಇರಿಸಿದ.

ಮೊದಲನೆಯ ನೀರಿಗೆ ರಶೀದಾ ಕಣ್ಣು ಮುಚ್ಚಿ ತಡೆದಳು. ಬಣ್ಣ ಅಷ್ಟೇನೂ ಸರಿಯಲಿಲ್ಲ. "ಹತ್ತಿಕಾಳಿನ ಚುಕ್ಕೀನೂ ಹಿಂಗ, ಹಟ ಮಾಡ್ತಾವ," ಎಂದು ಅವನು ಇನ್ನೊಮ್ಮೆ ಹಚ್ಚಿದ. ಆಮೇಲೆ ಎರಡನೆಯ ಶೀಸೆ ತೆರೆದ. ಹುಳಿನೀರು ಹಲ್ಲಿಗೆ ತಾಗಿ ವಸಡಿಗೆ ಇಳಿದದ್ದೇ ತಡ, ರಶೀದಾಳ ಬಲಗೈ ಮೇಲೆದ್ದಿತು.

"ಇನ್ನೊಂದ ಗಳಿಗಿ," ಎಂದ ಮಕ್ತುಮಸಾಬ. "ಈಗ ತಗದ್ರ ಕಲೆ ಕಲೆ ಉಳೀತೈತಿ. ಕೈ ಹಿಡಿ ಅಕಿದು."

ನಜಮುನ್ನೀಸಾ ಮಗಳ ಕೈ ಹಿಡಿದು ಕೆಳಗೆ ಒತ್ತಿದಳು. ಎಡಗೈ ಎದ್ದಿತು. ಅದನ್ನೂ ಹಿಡಿದಳು. ಮಗಳ ಉಗುರು ಅವಳ ಮಣಿಕಟ್ಟಿಗೆ ಊರಿದವು. ಗಂಡ ತುಟಿಯಲ್ಲೇ ಎಣಿಸುತ್ತಿದ್ದ, ಖಾತೆಯಲ್ಲಿ ಎಣಿಸುವಂತೆ.

"ಬಿಡೋ, ಸಾಯಸ್ತಿಯೇನೋ ಕೂಸಿನ!" ಎಂದು ಹುಸೇನಬಿ ಎದ್ದುಬಂದಳು. ಅಷ್ಟರಲ್ಲಿ ಅವನ ಎಣಿಕೆ ಮುಗಿದಿತ್ತು. ಚೊಂಬಿನಿಂದ ನೀರು ಹಾಕಿ ಬಾಯಿ ತೊಳೆಸಿದ. ಹಲ್ಲು ಬಿಳಿಯಾಗಿದ್ದವು, ಗೋಡೆಗೆ ಬಳಿದ ಸುಣ್ಣದ ಬಿಳಿ. ವಸಡೂ ಬೆಳ್ಳಗಾಗಿತ್ತು. ಅವನು ಹಲ್ಲನ್ನಷ್ಟೇ ನೋಡಿದ.

"ಹೇಳಿದ್ದಿಲ್ಲ?" ಎಂದು ಎಲ್ಲರ ಮುಖ ನೋಡಿದ. ರಶೀದಾ ಆ ಸಂಜೆ ಊಟ ಮಾಡಲಿಲ್ಲ. ನೀರು ಕುಡಿದರೆ ತಲೆಯ ತನಕ ಝುಂ ಎನ್ನುತ್ತದೆ ಎಂದಳು.

ರವಿವಾರ ಹನ್ನೊಂದಕ್ಕೆ ಕುತುಬುದ್ದೀನನ ತಾಯಿ ಬಂದಳು. ಜೊತೆಗೆ ಬಂಡೆಪ್ಪ. ದೊಡ್ಡ ಮೈಯ, ಸಮಾಧಾನದ ಹೆಂಗಸು. ನಜಮುನ್ನೀಸಾ ಮಾಡಿದ ಶಾವಿಗೆಯ ಸುರಕುಂಬಾ ಹೊಗಳಿದಳು, ಮುದುಕಿಯ ಮೊಣಕಾಲಿನ ನೋವು ಕೇಳಿದಳು. ರಶೀದಾಳನ್ನು ಪಕ್ಕಕ್ಕೆ ಕೂಡಿಸಿಕೊಂಡು, "ಹೆಸರು ಹೇಳವ್ವಾ, ನಿನ್ನ ಬಾಯಿಲೆ ಕೇಳೂಣು," ಎಂದಳು.

"ರಶೀದಾ."

"ಎಷ್ಟು ಛಂದ ಹಲ್ಲು! ಮುತ್ತು ಪೋಣಿಸಿದಂಗ." ಮಕ್ತುಮಸಾಬನ ಎದೆ ಉಬ್ಬಿದ್ದು ಅಂಗಿಯ ಮೇಲೆಯೇ ಕಂಡಿತು.

ಹೆಂಗಸು ಚೀಲದಿಂದ ಕಲ್ಲುಸಕ್ಕರೆಯ ಪೊಟ್ಟಣ ತೆಗೆದಳು. ಹುಡುಗಿ ಮನಸ್ಸಿಗೆ ಬಂದರೆ ಗಂಡಿನ ತಾಯಿ ತನ್ನ ಕೈಯಾರೆ ಬಾಯಿ ಸಿಹಿ ಮಾಡುವುದು ಅವರಲ್ಲಿ ಪದ್ಧತಿ. ದೊಡ್ಡದೊಂದು ಹರಳು ಆರಿಸಿ ರಶೀದಾಳ ಹಲ್ಲಿನ ನಡುವೆ ಇಟ್ಟಳು. "ಕಡಿಯವ್ವಾ."

ರಶೀದಾ ತಾಯಿಯ ಮುಖ ನೋಡಿದಳು. ನಜಮುನ್ನೀಸಾ ಕಣ್ಣಲ್ಲೇ ಕಡಿ ಎಂದಳು.

ಕಡಿದಳು. ಕೂಗು ಹೊರಗೆ ಗ್ಯಾಲರಿಯ ತನಕ ಕೇಳಿತು. ಬಾಯಿಯಿಂದ ಸಕ್ಕರೆ, ಜೊಲ್ಲು, ಅದರೊಳಗೆ ಕೆಂಪು, ಮತ್ತು ಸುಣ್ಣದ ಚೂರಿನಂಥ ಒಂದು ಹಲ್ಲಿನ ತುದಿ. ಹೆಂಗಸು ಗದ್ದ ಹಿಡಿದು ಬಾಯೊಳಗೆ ನೋಡಿದಳು. ಬೆಳ್ಳಗೆ ಸುಟ್ಟ ವಸಡು ನೋಡಿದಳು. ತನ್ನ ಸೆರಗಿನಿಂದಲೇ ಹುಡುಗಿಯ ಬಾಯಿ ಒರಸಿದಳು, ಚಹಾ ಪೂರ್ತಿ ಕುಡಿದಳು. "ಹೇಳಿ ಕಳಸ್ತೀವಿ," ಎಂದು ಎದ್ದಳು.

ಹನ್ನೊಂದು ದಿನಕ್ಕೆ ಬಂಡೆಪ್ಪ ಸಂಜೆ ಮನೆಗೇ ಬಂದು ಹೇಳಿದ. "ಮಕ್ತುಮಣ್ಣಾ, ಬ್ಯಾಸರ ಮಾಡಿಕೋಬ್ಯಾಡ. ಹುಡುಗಿಗೆ ಒಳಗ ಏನೋ ಬ್ಯಾನಿ ಐತಿ, ಅದನ್ನ ಮುಚ್ಚಿ ತೋರಿಸ್ಯಾರ ಅಂದ್ರು. ಹಲ್ಲು ಕೆಂಪಿದ್ರ ನಮಗೇನು, ನಮ್ಮ ಕಡೀನೂ ಅಂಥಾ ನೀರು ಐತಿ ಅಂತನೂ ಅಂದ್ರು."

ಅಷ್ಟರಲ್ಲಿ ಆ ಬಿಳುಪು ಕೂಡ ಉಳಿದಿರಲಿಲ್ಲ. ಹಲ್ಲು ಒರಟಾಗಿ, ಅರಿಸಿನ, ಚಹಾ, ಏನು ತಾಗಿದರೂ ಕುಡಿದುಕೊಳ್ಳುತ್ತಿದ್ದವು. ಮೊದಲಿಗಿಂತ ಕೆಟ್ಟ ಬಣ್ಣ. ರಶೀದಾ ಉಗುರುಬೆಚ್ಚಗಿನ ಹಾಲಿನಲ್ಲಿ ರೊಟ್ಟಿ ನೆನೆಸಿ ನುಂಗುತ್ತಿದ್ದಳು. ರೊಟ್ಟಿ ಬಡಿಯುವುದು, ನೀರು ತರುವುದು, ಯಾವ ಕೆಲಸವನ್ನೂ ಬಿಟ್ಟಿರಲಿಲ್ಲ.

"ಡಾಕ್ಟರಂತ್ಯಾಕ ಕರಕೊಂಡು ಹೋಗ್ತೀನ್ರಿ," ಎಂದಳು ನಜಮುನ್ನೀಸಾ.

"ಹೋಗಿ ಏನಂತಿ? ಮಿಲ್ಲಿಂದ ಶೀಸೆ ತಂದು ಹಚ್ಚಿದ್ರು ಅಂತಿಯಾ?" ಮಕ್ತುಮಸಾಬ ಹೆಂಡತಿಯ ಮುಖ ನೋಡದೆ ಹೇಳಿದ. "ಅವನು ಯಾರ ಮುಂದ ಅಂತಾನೋ. ಗೇಟಿನ ತನಕ ಮಾತು ಹೋದ್ರ ಐದು ಹೊಟ್ಟಿ ಉಪಾಸ. ಅವನು ಮೊದಲ ಮೂರು ವಾರ ಹಚ್ಚಿದ್ದಕ್ಕ ಹಲ್ಲು ಮೆತ್ತಗಾಗಿದ್ದು. ತಪ್ಪು ಅವಂದು."

"ಹೌದು, ನಿನ್ನ ಮದ್ದು ಜೇನುತುಪ್ಪ," ಎಂದಳು ಹುಸೇನಬಿ.

ಗುರುವಾರ ಹೋದರು. ಡಾಕ್ಟರ್ ಕೇಶವಮೂರ್ತಿ ಕನ್ನಡಿ ಹಿಡಿದವರು ಹಾಗೇ ನಿಂತರು. ರಶೀದಾಳ ಕೆನ್ನೆಯೊಳಗೆ ಹತ್ತಿ ತುಂಬಿ, ಬಾಯಿ ತೆರೆಸಿಟ್ಟು ಕೇಳಿದರು:

"ಯಾರು ಮಾಡಿದ್ದು ಇದನ್ನ?"

ನಜಮುನ್ನೀಸಾಳಿಗೆ ಗಂಡನ ಡಬ್ಬಿ, ಗೇಟು, ಪಹರೆಯವನು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ನಾನೇ ಮಾಡಿದೆ ಎಂದಿದ್ದರೂ ಆಗುತ್ತಿತ್ತು. ಆ ಮಾತು ಆಮೇಲೆ ಹೊಳೆಯಿತು, ಬಸ್ಸಿನಲ್ಲಿ ಕೂತ ಮೇಲೆ.

"ಅಕೀನ ಮಾಡಿಕೊಂಡಾಳ್ರಿ," ಎಂದಳು. "ನೋಡಾಕ ಬರ್ತಾರಂತ ಅವಸರ ಮಾಡಿ, ಏನೋ ತಂದು ಹಚ್ಚಿಕೊಂಡಳು. ನನಗ ಗೊತ್ತಿಲ್ಲರಿ."

ಕುರ್ಚಿಯಲ್ಲಿದ್ದ ರಶೀದಾಳ ಬಾಯಿ ತೆರೆದೇ ಇತ್ತು. ಮಾತು ಬರುವಂತಿರಲಿಲ್ಲ. ಕೈಗಳು ಕುರ್ಚಿಯ ತೋಳಿನ ಮೇಲೆ ಇದ್ದಲ್ಲೇ ಇದ್ದವು. ಈ ಸಲ ಎತ್ತಲಿಲ್ಲ.

"ಎಷ್ಟು ಸಲ ಹೇಳಿದ್ದೆನಮ್ಮ ನಿನಗೆ?" ಎಂದು ಡಾಕ್ಟರು ಅವಳನ್ನೇ ಬೈದರು. ಮೆತ್ತಗೆ ಮಾತಾಡುವ ಮನುಷ್ಯನ ದನಿ ನಡುಗಿತು. "ಚೆನ್ನಾಗಿ ಬರ್ತಿತ್ತು. ಇನ್ನು ಮೂರು ವಾರ ತಡಿಯೋಕೆ ಆಗಲಿಲ್ವ? ಎರಡು ಹಲ್ಲು ಕೀಳಬೇಕು. ಉಳಿದದ್ದಕ್ಕೆ ಏನೋ ಲೇಪ ಹಾಕಿ ನೋಡ್ತೀನಿ. ಯಾರನ್ನ ಮೆಚ್ಚಿಸೋಕೆ ಇಷ್ಟು ಆತುರ ನಿನಗೆ?"

ಕಣ್ಣಿನಿಂದ ನೀರು ಎರಡೂ ಕಿವಿಯ ಕಡೆ ಇಳಿಯಿತು. ಡಾಕ್ಟರು ಅದನ್ನು ನೋವೆಂದು ತಿಳಿದು ಹತ್ತಿ ಬದಲಿಸಿದರು.

ಎರಡು ಹಲ್ಲು ಕಿತ್ತ ಬಾಯಿಗೆ ಮಾತು ಬರಲು ನಾಲ್ಕು ದಿನ ಬೇಕಾಯಿತು. ಬಂದಾಗ ರಶೀದಾ ಪಾತ್ರೆ ಬೆಳಗುತ್ತಿದ್ದಳು, ಪಕ್ಕದಲ್ಲಿ ತಾಯಿ ತೊಳೆದಿಡುತ್ತಿದ್ದಳು.

"ಅವತ್ತ ಕೈ ಹಿಡದ್ರಿ, ಅಬ್ಬಾ ಹೇಳ್ಯಾರಂತ ಹಿಡದ್ರಿ," ಎಂದಳು. "ಡಾಕ್ಟರ್ ಮುಂದ ಹಂಗ ಅನ್ನಾಕ ಯಾರ ಹೇಳಿದ್ರಮ್ಮಾ?"

"ನಿಮ್ಮ ಅಬ್ಬಾನ ಕೆಲಸ ಹೋಗತಿತ್ತು ಬೇಟಿ."

"ಹೂಂ."

"ನಾನು ಇನ್ನೇನ ಅನಬೇಕಿತ್ತು?"

ರಶೀದಾ ತಾಟು ಮಗುಚಿ ಹಾಕಿದಳು. "ದಾದಿ ಊರಿಗೆ ಹೋಗ್ತಾರಂತ. ನಾನೂ ಹೋಗ್ತೀನಿ."

ಅವತ್ತು ಊಟದ ಹೊತ್ತಿಗೆ ಮನೆಯೆಲ್ಲ ಕೂಗಾಟ. ಮಕ್ತುಮಸಾಬ ಹೇಳಿದ, ಊರಲ್ಲಿ ಯಾರು ಕಾಯ್ದು ಕೂತಿದ್ದಾರೆ, ಇಲ್ಲೇ ಇನ್ನೊಂದು ಮಾತು ನೋಡೋಣ. ಹುಸೇನಬಿ ಹೇಳಿದಳು, "ಎರಡು ವರ್ಷದಾಕಿನ ನನ್ನ ಮಡ್ಲಿಗೆ ಹಾಕಿದಾಗ ಹಾಲಹಲ್ಲು ಇದ್ದುವು. ಬಾವಿ ನೀರು ಬಣ್ಣ ಕೊಟ್ಟಿತ್ತು, ಹಲ್ಲು ಕಸಗೊಂಡಿರಲಿಲ್ಲ. ನೀವು ಐದು ತಿಂಗಳಿಗೆ ಕಸಗೊಂಡ್ರಿ." ಯಾಕೂಬ ಮೊದಲ ಸಲ ಅಕ್ಕನ ಕ್ಷಮೆ ಕೇಳೆಂದು ತಂದೆಗೆ ಎದುರು ನಿಂತು, "ಮಾಫೀ ಮಾಂಗೋ ನಾ ಅಬ್ಬಾ. ಏಕ್ ಬಾರ್," ಎಂದ. ಮಕ್ತುಮಸಾಬ ತಾಟಿನ ಮುಂದಿನಿಂದ ಎದ್ದು ಗ್ಯಾಲರಿಗೆ ಹೋಗಿ ನಿಂತ.

"ಅಕಿಗೆ ಇರು ಅನ್ರಿ," ಎಂದು ನಜಮುನ್ನೀಸಾ ಹಿಂದಿನಿಂದ ಹೋಗಿ ಬೇಡಿದಳು.

"ನಾನೇನ ಹೋಗು ಅಂದೀನೇನು?" ಎಂದ ಅವನು.

ಈದ್ ಮಿಲಾದ್ ಆಗಿ ಮೂರನೆಯ ದಿನ. ದಾದರ್ ಸ್ಟೇಷನ್ನಿಗೆ ಟ್ರಂಕು ಹೊತ್ತು ಯಾಕೂಬ ಬಂದ. ಮಕ್ತುಮಸಾಬ ಪಾಳಿಗೆ ಹೋಗಿದ್ದ. ಸೊಲ್ಲಾಪುರದ ಗಾಡಿಯಲ್ಲಿ ಹೆಂಗಸರ ಡಬ್ಬಿಯ ಕಿಟಕಿಗೆ ಅಜ್ಜಿ ಮೊಮ್ಮಗಳು ಕೂತರು. ನಜಮುನ್ನೀಸಾ ಮಗಳಿಗೆ ಅಗಿಯದೆ ನುಂಗುವಂತೆ ಮೆತ್ತಗೆ ಮಾಡಿದ ರವೆಯ ಸಜ್ಜಿಗೆಯ ಡಬ್ಬಿಯನ್ನು ಕಿಟಕಿಯಿಂದ ಕೊಟ್ಟಳು.

"ಆರಿಸಿ ತಿನ್ನು. ಬಿಸಿ ಐತಿ."

"ಹೂಂ."

"ಮುಟ್ಟಿದ ಮ್ಯಾಲ ಕಾಗದ ಬರಿ."

ರಶೀದಾ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಿದ್ದಳು. ಎದುರಿಗೆ ಕೂತ, ಇಂಡಿ ಕಡೆಯ ಮಾತಿನ ಹೆಂಗಸೊಬ್ಬಳು ಅವಳ ಬಾಯಿ ನೋಡಿ ಅಯ್ಯೋ ಎಂದಳು. "ಏನಾತವ್ವಾ ಹಲ್ಲಿಗೆ? ಎಳೇ ಹುಡುಗಿ!"

ನಜಮುನ್ನೀಸಾ ಕಿಟಕಿಯ ಸರಳು ಹಿಡಿದಳು.

"ನಾನ ಮಾಡಿಕೊಂಡೆನ್ರಿ," ಎಂದಳು ರಶೀದಾ, ಕಿಟಕಿಯ ಕಡೆ ತಿರುಗದೆ. "ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ."

ಗಾಡಿ ಸರಿಯಿತು. ಯಾಕೂಬ ಗಾಡಿಯ ಜೊತೆಗೆ ಸ್ವಲ್ಪ ದೂರ ಓಡಿ ನಿಂತ. ಮೇ ತಿಂಗಳು ಹನ್ನೊಂದನೇ ತಾರೀಕು, ಮಂಗಳವಾರ, ಮಧ್ಯಾಹ್ನ ರಶೀದಾ ಹೋದಳು.